ಕಡಲಾಚೆ ಹೋದ ಆರು ಮಡಕೆ

ಬೈರಾಪಟ್ಟಣ

"ಅಷ್ಟು ದೂರ ಹೋಗಿ ಮಡಕೆ ನೋಡ್ಕಂಡು ಬತ್ತೀಯೇನವ್ವ?" ಎಂದು ನಮ್ಮತ್ತೆ ಚಿಕ್ಕತಾಯಮ್ಮ ಕೇಳಿದಾಗ ನನ್ನ ಸೂಟ್‌ಕೇಸು ಅರ್ಧ ತುಂಬಿತ್ತು.

"ಹೂಂ ಅತ್ತೆ, ಮಡಕೆಯೇ."

"ಮಡಕೆ ನೋಡಕ್ಕೆ ಚನ್ನಪಟ್ಟಣದ ಸಂತೆ ಸಾಲ್ದಾಯ್ತಾ?" ಎಂದು ಗೊಣಗುತ್ತಲೇ ಅವರು ಹುರಿಹಿಟ್ಟಿನ ದೊಡ್ಡ ಪೊಟ್ಟಣವೊಂದನ್ನು ನನ್ನ ಸೀರೆಗಳ ನಡುವೆ ತುರುಕಿದರು. ಅರಳು ಹುರಿದ ರಾಗಿಯನ್ನು ಬೀಸಿದ ಹಿಟ್ಟು. ಹಾಲಿಗೋ ಮಜ್ಜಿಗೆಗೋ ಒಂದಿಷ್ಟು ಬೆಲ್ಲದ ಜೊತೆ ಕಲೆಸಿಕೊಂಡರೆ ಹೊಟ್ಟೆ ತಣ್ಣಗಿರುತ್ತದೆ. ಪರದೇಶದಲ್ಲಿ ಸೊಸೆ ಉಪವಾಸ ಬೀಳಬಾರದು ಎಂಬುದು ಅವರ ಲೆಕ್ಕ.

ನಾನು ಚನ್ನಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವವಳು. ಬೈರಾಪಟ್ಟಣ ನಾನು ಸೊಸೆಯಾಗಿ ಸೇರಿದ ಊರು. ಊರಾಚೆ ಗುಡ್ಡದ ಬುಡದಲ್ಲಿ ದುಂಡಗೆ ಕಲ್ಲು ಜೋಡಿಸಿದ ಪುರಾತನ ಸಮಾಧಿಗಳಿವೆ. ಊರವರು ಪಾಂಡವರ ಮನೆ ಎನ್ನುತ್ತಾರೆ. ಉತ್ತಾಗಲೆಲ್ಲ ನಮ್ಮ ಹೊಲದಲ್ಲಿ ಮಡಕೆ ಚೂರು ಏಳುತ್ತವೆ. ಅತ್ತೆ ಅವನ್ನು ಬದುವಿನ ಮೇಲೆ ಎಸೆಯುತ್ತಾರೆ, ನಾನು ಹೆಕ್ಕಿ ಫೋಟೋ ತೆಗೆಯುತ್ತೇನೆ. ಆ ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ಸ್ಕಾಟ್ಲೆಂಡಿನಿಂದ ಹೆಲೆನ್ ಎಂಬ ವಿದ್ವಾಂಸೆ ಬರೆದರು: ನಿಮ್ಮೂರಿನ ಆರು ಮಡಕೆಗಳು ನಮ್ಮ ಮ್ಯೂಸಿಯಮ್ಮಿನಲ್ಲಿವೆ, ಗೊತ್ತೇ?

ನನಗೆಲ್ಲಿ ಗೊತ್ತು! ನೂರು ವರ್ಷಕ್ಕೂ ಹಿಂದೆ ರಸ್ತೆ ಸರ್ವೆಗೆ ಬಂದಿದ್ದ ಸಾಹೇಬನೊಬ್ಬ ಸಮಾಧಿಗಳಲ್ಲಿ ಸಿಕ್ಕಿದ್ದ ಆ ಮಡಕೆಗಳನ್ನು ಹಳ್ಳಿಯವರಿಂದ ಕೇಳಿ ಪಡೆದು, ಹುಲ್ಲು ಸುತ್ತಿ ಹಡಗಿಗೆ ಹಾಕಿದ್ದನಂತೆ. ಅಲ್ಲಿಂದೀಚೆಗೆ ಅವುಗಳ ಒಳಗನ್ನು ಯಾರೂ ತೊಳೆದೂ ಇಲ್ಲ, ಕೆರೆದೂ ಇಲ್ಲ. ಈಗ ಹೆಲೆನ್ ಮಡಕೆಗಳ ತಳದ ಧೂಳು ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದಾರೆ. ಆರರಲ್ಲಿ ಐದು ಮಡಕೆಯಲ್ಲಿ ರಾಗಿ ಹೊಟ್ಟಿನ ಕಣ! ಸಮಾಧಿ ಕಾಲದಲ್ಲೇ ಸತ್ತವರ ಜೊತೆ ರಾಗಿ ಇಟ್ಟು ಹೂಳುತ್ತಿದ್ದರು ಎಂದಾಯಿತಲ್ಲ. ಅದನ್ನು ಸಭೆಯೊಂದರಲ್ಲಿ ಜನರಿಗೆ ಹೇಳೋಣ, ನೀವೂ ಬನ್ನಿ ಎಂದು ಕರೆದರು.

ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುವಾಗ ಹುಡುಗಿಯರು ನನ್ನನ್ನು 'ಮುದ್ದೆ' ಎಂದೇ ಕರೆಯುತ್ತಿದ್ದರು. ನಗುತ್ತಿದ್ದೆ, ಆದರೆ ಒಳಗೊಳಗೇ ಉರಿಯುತ್ತಿತ್ತು. ಈಗ ನಮ್ಮ ಮುದ್ದೆಗೆ ಸಾವಿರಾರು ವರ್ಷದ ಸಾಕ್ಷಿ ಸಿಗುವುದಾದರೆ ಬಿಟ್ಟೇನೇ? ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ಊರಿನ ಹಾಲಿನ ಡೇರಿ ಮುಂದೆ ನಿಂತೂ ಹೇಳಿದೆ. ಹೊರಡುವ ಹೊತ್ತಿಗೆ ಇಡೀ ಬೈರಾಪಟ್ಟಣಕ್ಕೆ ಸುದ್ದಿ ಮುಟ್ಟಿತ್ತು. ಗೆದ್ದುಕೊಂಡೇ ಬರಬೇಕು ಎಂದು ವಿಮಾನ ಹತ್ತಿದೆ.

ವಿಮಾನ ಇಳಿದಲ್ಲಿ

ಗೆಲ್ಲುವ ಮಾತು ಹಾಗಿರಲಿ, ಬಾಗಿಲಲ್ಲೇ ಹಿಡಿದರು. ಕಪ್ಪು ಅಂಗಿಯ ಎತ್ತರದ ಅಧಿಕಾರಿಯೊಬ್ಬ ನನ್ನ ಸೂಟ್‌ಕೇಸಿನಿಂದ ಹುರಿಹಿಟ್ಟಿನ ಪೊಟ್ಟಣ ಎತ್ತಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿ ನೋಡಿದ. ಇದೇನು ಎಂದ. ಊಟ ಎಂದೆ. ಯಾವ ಊಟ ಎಂದ. ರಾಗಿಗೆ ಇಂಗ್ಲಿಷಿನಲ್ಲಿರುವ ಹೆಸರು ನನ್ನ ಬಾಯಿಗೆ ಆಗಲೇ ಬರಬೇಡವೇ! ಹಾಳಾದ್ದು, ಬರಲೇ ಇಲ್ಲ.

ಅವನು ಕತ್ತರಿಯಿಂದ ಮೂಲೆ ಕತ್ತರಿಸಿದ. ಅತ್ತೆ ಗಿಡಿದು ತುಂಬಿ ಕಟ್ಟಿದ್ದ ಪೊಟ್ಟಣ ಅದು. ಫುಸ್ ಎಂದು ಸೀಳಿ ಅರ್ಧಕ್ಕರ್ಧ ಹಿಟ್ಟು ಅವನ ಕಪ್ಪು ಅಂಗಿಯ ಮೇಲೆ, ಮೇಜಿನ ಮೇಲೆ, ಪಕ್ಕದಲ್ಲಿ ನಿಂತಿದ್ದ ನಾಯಿಯ ಮೂತಿಯ ಮೇಲೆ. ನಾಯಿ ನೆಕ್ಕಿತು. ನನಗೂ ಇನ್ನೇನು ತೋಚದೆ ಉಳಿದದ್ದರಲ್ಲಿ ಒಂದು ಚಿಟಿಕೆ ತೆಗೆದು ಅವನ ಕಣ್ಣೆದುರೇ ಬಾಯಿಗೆ ಹಾಕಿಕೊಂಡೆ. ಅವನು ನನ್ನನ್ನು ನೋಡಿದ, ನಾಯಿಯನ್ನು ನೋಡಿದ, ಆಮೇಲೆ ನಕ್ಕುಬಿಟ್ಟ. "ಅವನಿಗೆ ಇಷ್ಟವಾಯಿತು," ಎಂದು ನಾಯಿಯ ತಲೆ ಸವರಿ ನನ್ನನ್ನು ಕಳಿಸಿದ. ಸಾಮಾನು ಚೆಲ್ಲಿದವನು ಅವನು, ಆದರೂ ಹೋಗುವಾಗ ಕ್ಷಮಿಸಿ ಎಂದು ಅವನೂ ಹೇಳಿದ, ನಾನೂ ಹೇಳಿದೆ.

ಪೊಟ್ಟಣದಲ್ಲಿ ಉಳಿದದ್ದು ನಾಲ್ಕಾರು ಚಮಚೆಯಷ್ಟು.

ಬಸ್ಸಿನಲ್ಲಿ

ಹೆಲೆನ್ ಇರುವುದು ಸಮುದ್ರದ ಪಕ್ಕದ ಪುಟ್ಟ ಊರಿನಲ್ಲಿ. ರಾತ್ರಿಯೂಟ ಮುಗಿದರೂ ಬಿಸಿಲು ಆರುವುದಿಲ್ಲ. ಪರದೆ ಎಳೆದುಕೊಂಡು, ಈಗ ರಾತ್ರಿ ಎಂದು ನಮಗೆ ನಾವೇ ಸುಳ್ಳು ಹೇಳಿಕೊಂಡು ಮಲಗಬೇಕು.

ಅಲ್ಲಿನ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ಚನ್ನಪಟ್ಟಣದಿಂದ ವಿರೂಪಾಕ್ಷಿಪುರಕ್ಕೆ ಹೋಗುವಷ್ಟರಲ್ಲಿ ಪಕ್ಕದ ಸೀಟಿನವರ ಸಕ್ಕರೆ ಕಾಯಿಲೆ, ಮಗಳ ಬಾಣಂತನ, ಬೋರ್‌ವೆಲ್ಲಿನ ಆಳ ಎಲ್ಲ ತಿಳಿದಿರುತ್ತದೆ. ಇಲ್ಲಿ ನಾನು ಒಬ್ಬ ಮುದುಕರ ಕಾಲು ತುಳಿದೆ, ಅವರೇ ಕ್ಷಮಿಸಿ ಎಂದರು. ಆದರೆ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಕೃತಜ್ಞತೆ ಹೇಳುತ್ತಾರೆ, ಶಾಲೆಯ ಮಕ್ಕಳು ಕೂಡ. ಡ್ರೈವರೂ ಪ್ರತಿಯೊಬ್ಬರಿಗೂ ತಲೆಯಾಡಿಸುತ್ತಾನೆ. ನನಗೆ ಆ ಪದ್ಧತಿ ಎಷ್ಟು ಹಿಡಿಸಿತೆಂದರೆ ಬಂದ ಮೇಲೆ ನಮ್ಮೂರಿನ ಬಸ್ಸಿನಲ್ಲೂ ಹೇಳಿ ನೋಡಿದೆ. "ಯಾಕಕ್ಕ, ಚಿಲ್ರೆ ಕೊಡ್ಬೇಕಿತ್ತಾ?" ಎಂದ ಕಂಡಕ್ಟರು.

ಉಗ್ರಾಣ

ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆಗಳ ಸಾಲು ಎಂದುಕೊಂಡಿದ್ದೆ. ಹೆಲೆನ್ ನನ್ನನ್ನು ಕರೆದೊಯ್ದದ್ದು ಅದರ ಹಿಂದಿನ ಉಗ್ರಾಣಕ್ಕೆ. ಐವತ್ತರ ಆಸುಪಾಸಿನ ಸಣಕಲು ಹೆಂಗಸು, ಕನ್ನಡಕ ಹಣೆಯ ಮೇಲೆ, ನಡೆದರೆ ಓಡಿದಂತೆ. ಬಾಗಿಲಲ್ಲಿ ನನ್ನ ಪೆನ್ನು, ನೀರಿನ ಬಾಟಲಿ, ಕೈಬಳೆ ಎಲ್ಲ ತೆಗೆಸಿದರು. "ಬಳೆ ತಗುಲಿದರೆ ಮಡಕೆಗೆ ಪೆಟ್ಟಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ," ಎಂದರು. ಬಳೆ ತೆಗೆದ ಬೋಳು ಕೈ ನೋಡಿಕೊಳ್ಳಲು ನನಗೆ ಒಂಥರಾ ಆಯಿತು, ಆದರೂ ತೆಗೆದೆ.

ಒಳಗೆ ಹೋದವಳು ನಿಂತೇಬಿಟ್ಟೆ. ಅಬ್ಬಬ್ಬಾ! ಸೂರಿನವರೆಗೆ ಕಪಾಟುಗಳು. ಗೋಡೆಯಂತೆ ಒತ್ತೊತ್ತಾಗಿ ನಿಂತಿದ್ದ ಕಪಾಟುಗಳ ಪಕ್ಕದ ಚಕ್ರವನ್ನು ಹೆಲೆನ್ ತಿರುಗಿಸಿದರೆ ಅವು ಕಂಬಿಯ ಮೇಲೆ ತೇಲಿದಂತೆ ಸರಿದು ನಡುವೆ ಓಣಿಯೊಂದು ತೆರೆದುಕೊಂಡಿತು. ಲೋಕದ ಯಾವ್ಯಾವುದೋ ಮೂಲೆಯ ಜನ ಉಂಡ ಪಾತ್ರೆ, ತೊಟ್ಟ ಮಣಿ, ಮಕ್ಕಳ ಆಟದ ಸಾಮಾನು, ಎಲ್ಲ ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದವು. ಆ ಓಣಿಯ ತುದಿಯಲ್ಲಿ ನಮ್ಮೂರಿನ ಆರು ಮಡಕೆ. ಎಳೆಗೂಸನ್ನು ಮಲಗಿಸಿದ ಹಾಗೆ ಬಿಳಿಯ ಮೆತ್ತೆಯಲ್ಲಿ ಗುಳಿ ಮಾಡಿ ಕೂರಿಸಿದ್ದರು.

ಕೈಗವಸು ಹಾಕಿಕೊಂಡು ಒಂದನ್ನು ಎತ್ತಿಕೊಂಡೆ. ಒಳಗೆಲ್ಲ ಕಪ್ಪು, ಹೊರಗೆ ಕೆಂಪು, ಮೈಯೆಲ್ಲ ನುಣುಪು. ಕತ್ತಿನ ಕೆಳಗೆ, ಮಣ್ಣು ಹಸಿ ಇದ್ದಾಗ ಒತ್ತಿದ ಹೆಬ್ಬೆರಳಿನ ಗುರುತು. ನನ್ನ ಹೆಬ್ಬೆರಳು ಅಲ್ಲಿಟ್ಟೆ. ಸರಿಯಾಗಿ ಕೂತಿತು. ನಮ್ಮ ಗುಡ್ಡದ ಬುಡದಲ್ಲಿ ಕೂತು ಆ ಮಣ್ಣು ತಟ್ಟಿದವರು ಗಂಡೋ ಹೆಣ್ಣೋ, ಏನು ಹಾಡುತ್ತಿದ್ದರೋ, ಯಾರಿಗಾಗಿ ಅಳುತ್ತಿದ್ದರೋ! ಕಣ್ಣು ತುಂಬಿ ಬಂತು. ಹೆಲೆನ್ ನೋಡದವರಂತೆ ಆ ಕಡೆ ತಿರುಗಿ ಏನನ್ನೋ ಹುಡುಕತೊಡಗಿದರು.

ಆರೂ ಚೆಂದ. ಆರೂ ಇಡಿಯಾಗಿದ್ದವು, ಒಂದರ ತಳದಲ್ಲಿ ಮಾತ್ರ ಹೆಬ್ಬೆಟ್ಟು ತೂರುವಷ್ಟು ತೂತು. ಅದೇ ರಾಗಿ ಸಿಗದ ಆರನೆಯದು. ಸತ್ತವರ ಮಡಕೆಗೆ ಬೇಕೆಂದೇ ತೂತು ಮಾಡಿ ಇಟ್ಟಿರಬೇಕು, ಅದೊಂದು ಬೇರೆಯೇ ಶಾಸ್ತ್ರವಿರಬೇಕು ಎಂದು ಹೆಲೆನ್ ಬರೆದಿದ್ದರು.

"ನಮ್ಮ ಹೊಲದಲ್ಲಿ ಸಿಗುವವು ಹೀಗಿಲ್ಲ," ಎಂದೆ. "ದಪ್ಪ, ಒರಟು, ಮಸಿ ಹಿಡಿದ ಚೂರುಗಳು."

"ಅದೇ ನನ್ನ ತಲೆನೋವು," ಎಂದರು ಹೆಲೆನ್. "ಸಾಹೇಬ ತನ್ನ ಕಣ್ಣಿಗೆ ಚೆಂದ ಕಂಡದ್ದನ್ನಷ್ಟೇ ತಂದ. ಆಮೇಲೆ ಬಂದವರೆಲ್ಲ ಈ ಆರನ್ನೇ ನೋಡಿ, ಆ ಸೀಮೆಯ ಜನ ಇಂಥದ್ದನ್ನೇ ಮಾಡುತ್ತಿದ್ದರು ಎಂದು ಪುಸ್ತಕ ಬರೆದರು. ಅಡಿಗೆಯ ಮಸಿ ಮಡಕೆ ಯಾರ ಪುಸ್ತಕದಲ್ಲೂ ಇಲ್ಲ."

ನನಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಯಿತು. ಅಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ರಾಶಿಯ ಮೇಲೆ ಹೊಳೆಯುವುದನ್ನು ನೋಡಿ ಬೆಲೆ ಕೂಗುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದ ಗೂಡು ತೆಗೆದು ಅಮುಕಿ ನೋಡುತ್ತಾರೆ. ಅದನ್ನು ಹೇಳಿದೆ. ಹೆಲೆನ್ ಜೋರಾಗಿ ನಕ್ಕು, "ನಾವು ಇಷ್ಟು ವರ್ಷ ಮೇಲಿನ ಗೂಡನ್ನೇ ನೋಡುತ್ತಿದ್ದೇವೆ," ಎಂದರು. ಹಾಗೆ ನಕ್ಕ ನಾವಿಬ್ಬರೂ ರಾಗಿಯ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದೆವು ಎಂಬುದು ಆಗ ತಲೆಗೆ ಹೋಗಲಿಲ್ಲ.

ಹೆಲೆನ್ ಮನೆ

ಆ ಸಂಜೆ ಅವರ ಮನೆಯಲ್ಲಿ ಊಟ. ಕುಂಬಳಕಾಯಿಯ ಸಾರಿನಂಥದ್ದು, ಖಾರವಿಲ್ಲ, ಉಪ್ಪು ಕೇಳಿ ಹಾಕಿಸಿಕೊಳ್ಳಬೇಕು. ನಾನು ಹೊಗಳಿದೆನೆಂದು ಉಳಿದದ್ದನ್ನು ಗಾಜಿನ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅವರ ಕೆಲಸದ ಕರಾರು ಆ ವರ್ಷಕ್ಕೇ ಮುಗಿಯುತ್ತದೆ, ರಾಗಿಯ ಸುದ್ದಿ ಹೊರಬಿದ್ದರೆ ಮುಂದುವರಿಸಬಹುದು ಎಂಬುದನ್ನು ಪಾತ್ರೆ ತೊಳೆಯುತ್ತಾ ತಾವಾಗಿಯೇ ಹೇಳಿದರು. ಹೇಳಿ, ಹೇಳಬಾರದಿತ್ತು ಎನ್ನುವಂತೆ ನಲ್ಲಿ ಜೋರಾಗಿ ಬಿಟ್ಟರು.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋಗಿ ಡಬ್ಬಿ ಹಿಂದಿರುಗಿಸಿದೆ. ಅವರು ಮುಚ್ಚಳ ತೆಗೆದು ನೋಡಿ ಸಿಂಕಿನ ಕಡೆ ಹೊರಟರು. ಒಳಗೆ ತಳದಲ್ಲಿ ಕಂದುಬಣ್ಣದ ಪುಡಿ.

"ಅಯ್ಯೋ, ತೊಳೀಬೇಡಿ!" ಎಂದು ಕೂಗಿದೆ.

"ಪರವಾಗಿಲ್ಲ, ಸ್ವಲ್ಪ ಏನೋ ಉಳಿದಿದೆ, ಅಷ್ಟೇ," ಎಂದರು, ನನಗೆ ನಾಚಿಕೆಯಾಗದಿರಲೆಂದು.

"ಉಳಿದಿದ್ದಲ್ಲ ಅದು, ನಾನು ಹಾಕಿದ್ದು. ಹುರಿಹಿಟ್ಟು. ನಮ್ಮ ಕಡೆ ಯಾರಿಗೂ ಪಾತ್ರೆ ಬರಿದಾಗಿ ಕೊಡುವುದಿಲ್ಲ. ತುಂಬ ಹಾಕೋಣವೆಂದರೆ ವಿಮಾನ ನಿಲ್ದಾಣದಲ್ಲಿ ನಾಯಿ ತಿಂದುಬಿಟ್ಟಿತು."

ಹೆಲೆನ್ ನಕ್ಕರು. ನಾನೂ ನಗಲು ಬಾಯಿ ತೆರೆದೆ. ನಗು ಬರಲಿಲ್ಲ. ಗಾಜಿನ ತಳದಲ್ಲಿ ಕೂತಿದ್ದ ಆ ರಾಗಿ ಪುಡಿಯನ್ನೇ ನೋಡುತ್ತಾ ನಿಂತೆ. ಉಳಿದಿದ್ದಲ್ಲ, ಹಾಕಿದ್ದು. ದೇವರೇ, ಹಾಕಿದ್ದು!

ತಲೆ ನೋವು, ಗಾಳಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಸಮುದ್ರದ ದಂಡೆಯಲ್ಲಿ ನಿಂತು ಊರಿಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ, ಅತ್ತೆ ಉಂಡು ಎಲೆಯಡಿಕೆ ಹಾಕಿಕೊಂಡಿದ್ದರು.

"ಅತ್ತೆ, ಹಿಂದೆ ಯಾರಾದರೂ ದೊಡ್ಡ ಮನುಷ್ಯರು ಬಂದು ಮಡಕೆ ಕೊಡಿ ಅಂದಿದ್ದರೆ ಊರವರು ಹೇಗೆ ಕೊಡ್ತಿದ್ದರು?"

"ಹೆಂಗ್ ಕೊಡೋದು ಅಂದ್ರೆ? ಕೈಯಲ್ಲಿ ಕೊಡೋದು."

"ಅಲ್ಲ ಅತ್ತೆ, ಒಳಗೆ ಏನಾದರೂ ಹಾಕ್ತಿದ್ದರಾ?"

"ಹಾಕ್ದೆ ಮತ್ತೆ? ಬರಿದಾಗಿ ಕೊಡಕ್ಕೆ ಏನ್ ಕೇಡುಗಾಲ ಬಂದಿತ್ತು? ಅಕ್ಕಿ ಎಲ್ಲಿತ್ತವ್ವ ಆಗ? ಒಂದ್ ಹಿಡಿ ರಾಗಿ ಹಾಕಿ ಕೊಡೋರು."

"ಸಮಾಧಿಯಲ್ಲಿ ಸಿಕ್ಕ ಮಡಕೆಯಾದರೂ?"

"ಅದಕ್ಕಂತೂ ಹಾಕ್ಲೇಬೇಕು. ಸತ್ತೋರ ಮಡಕೆ ಬರಿದಾಗಿ ಕೊಟ್ರೆ ಕೊಟ್ಟೋರ್ಗೂ ಒಳ್ಳೇದಲ್ಲ, ತಗಂಡೋರ್ಗೂ ಒಳ್ಳೇದಲ್ಲ."

"ತಳ ತೂತಾಗಿದ್ದರೆ?"

"ತೂತು ಮಡಕೆಗೆ ರಾಗಿ ಸುರಿದ್ರೆ ನಿಂತದೇನೇ? ಏನಾಗ್ಬುಟ್ಟೈತೆ ನಿಂಗೆ ಇವತ್ತು?" ಎಂದು ರೇಗಿದವರು, ಒಮ್ಮೆಗೇ ದನಿ ಇಳಿಸಿ, "ಅಲ್ಲಿ ಯಾರಿಗಾನ ಬರಿದಾಗಿ ಕೊಟ್ಬುಟ್ಯಾ?" ಎಂದರು.

ಮತ್ತೆ ಉಗ್ರಾಣ

ಹೇಳಲೋ ಬೇಡವೋ? ಸಭೆ ಮಾರನೆಯ ದಿನ. ಹೇಳಿದರೆ ನಮ್ಮ ರಾಗಿಯ ಹಿರಿಮೆ ಅಲ್ಲಿಗೆ ಮುಗಿಯಿತು. ಹೆಲೆನ್ ಕೆಲಸವೂ ಹೋಗಬಹುದು. ಊರಿನಲ್ಲಿ ಡೇರಿ ಮುಂದೆ ನಿಂತವರಿಗೆ ಯಾವ ಮುಖ ತೋರಿಸಲಿ? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಧೂಳು ಇದ್ದದ್ದೇ ಚಿಟಿಕೆಯಷ್ಟು. ಅದರ ವಯಸ್ಸು ಕಂಡುಹಿಡಿಯಲು ಅದು ಸಾಲದು. ಹೀಗೆ ಗುಣಾಕಾರ ಭಾಗಾಕಾರ ಮಾಡುತ್ತಾ ಬಸ್ಸಿನಲ್ಲಿ ಇಳಿಯುವ ಜಾಗ ದಾಟಿಬಿಟ್ಟೆ. ವಾಪಸು ನಡೆದು ಬರುವಾಗ ಜಿನುಗು ಮಳೆ, ಎದುರುಗಾಳಿ. ಸೀರೆಯ ನೆರಿಗೆ ಕಾಲಿಗೆ ಸುತ್ತಿಕೊಂಡು ಹೆಜ್ಜೆಹೆಜ್ಜೆಗೂ ಎಡವಿದೆ.

ಆದರೆ ಒಂದಂತೂ ನಿಜ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಉಗ್ರಾಣದ ಬಾಗಿಲಲ್ಲಿ ಹೆಲೆನ್ ಕಂಡದ್ದೇ ತಡ, ಒದ್ದೆ ಸೀರೆಯಲ್ಲೇ ಎಲ್ಲವನ್ನೂ ಒದರಿಬಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಕೂತರು. "ಆದರೆ ಆರನೆಯದರಲ್ಲಿ ಇರಲಿಲ್ಲವಲ್ಲ," ಎಂದರು ಮೆಲ್ಲಗೆ. "ಎಲ್ಲಕ್ಕೂ ಹಾಕಿ ಕೊಟ್ಟಿದ್ದರೆ ಅದಕ್ಕೂ ಹಾಕಬೇಕಿತ್ತು."

"ಅದರ ತಳ ತೂತು, ಹೆಲೆನ್."

ಅವರು ನನ್ನನ್ನೇ ನೋಡಿದರು. ಎದ್ದು ಚಕ್ರ ತಿರುಗಿಸಿದರು. ಕಪಾಟುಗಳು ಸರಿದವು. ತೂತು ಮಡಕೆಯನ್ನು ಎತ್ತಿ ದೀಪಕ್ಕೆ ಹಿಡಿದರು. ತೂತಿನಿಂದ ಬೆಳಕು ಬಂದು ಅವರ ಕೆನ್ನೆಯ ಮೇಲೆ ಬಿತ್ತು. ಬೈಯುತ್ತಾರೋ ಅಳುತ್ತಾರೋ ಎಂದು ನಾನು ಕಾದೆ. ಅವರು ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ಇದಕ್ಕೆ ನಾನು ನಾಲ್ಕು ಪುಟದ ಶಾಸ್ತ್ರ ಕಟ್ಟಿದ್ದೆ," ಎಂದರು. "ಯಾರೋ ಒಬ್ಬಳು, ಸೋರುತ್ತದೆ ಎಂದು ಸುಮ್ಮನಾಗಿದ್ದಾಳೆ."

ಆ 'ಯಾರೋ ಒಬ್ಬಳು' ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯವರೆಗೆ ನಾನು ಆ ಮಡಕೆ ತಟ್ಟಿದ ಕೈಯನ್ನಷ್ಟೇ ಕಂಡಿದ್ದೆ. ಈಗ ಇನ್ನೊಂದು ಕೈ ಕಂಡಿತು. ಕುದುರೆಯ ಮೇಲೆ ಬಂದ ಪರದೇಶದ ಸಾಹೇಬ ಅಂಗಳದಾಚೆ ನಿಂತಿದ್ದಾನೆ, ಭಾಷೆ ಬಾರದು, ಕೇಳುತ್ತಿರುವುದು ಸತ್ತವರ ಮಡಕೆ. ಹೆದರಿಕೆಯಾಗಿಯೇ ಆಗಿರುತ್ತದೆ. ಆದರೂ ನಮ್ಮೂರಿನ ಹೆಂಗಸು ಒಳಗೆ ಹೋಗಿ, ಕಾಳು ತುಂಬಿಡುವ ವಾಡೆಯಿಂದ ಒಂದು ಹಿಡಿ ರಾಗಿ ತಂದು, ಮಡಕೆಗೆ ಹಾಕಿ, ಆಮೇಲೆ ಕೊಟ್ಟಳು. ಸಾಹೇಬ ಚೆಂದದ ಮಡಕೆ ಆರಿಸಿದ್ದ, ಅವಳನ್ನು ಆರಿಸಿರಲಿಲ್ಲ. ಆದರೂ ಅವಳ ಹಿಡಿ ರಾಗಿ ಹಡಗು ಹತ್ತಿ, ಹುಳ ತಿಂದು, ಪುಡಿಯಾಗಿ, ಇಲ್ಲಿವರೆಗೆ ಬಂದು ಕಾದು ಕೂತಿತ್ತು. ಸಾವಿರಾರು ವರ್ಷದ ಹಿರಿಮೆ ಹೋಯಿತಲ್ಲ ಎಂಬ ಸಂಕಟ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಹೊತ್ತಿಗೆ ಕೈ ಮುಗಿಯಬೇಕೆನ್ನಿಸಿದ್ದು ಅವಳಿಗೆ. ಮುಗಿದೆ ಕೂಡ.

ಸಭೆ

ಮಳೆಯಂಗಿ ತೊಟ್ಟ ಮುದುಕರು, ಮುದುಕಿಯರು, ತಟ್ಟೆತುಂಬ ಬಿಸ್ಕತ್ತು. ಹೆಲೆನ್ ಎದ್ದು ನಿಂತು, "ನಿಮಗೆ ಒಂದು ದೊಡ್ಡ ಸುದ್ದಿ ಹೇಳಲು ಕರೆದಿದ್ದೆ. ಅದು ತಪ್ಪೆಂದು ನಿನ್ನೆ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ," ಎಂದು ಶುರುಮಾಡಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಅನುಮಾನ ಪೂರಾ ತೀರಬೇಕಾದರೆ, ಸಾವಿರಾರು ವರ್ಷ ಒಳಗಿದ್ದಿದ್ದರೆ ಇಳಿಯಬೇಕಾದಂತೆ ಮಡಕೆಯ ಮಣ್ಣಿನೊಳಕ್ಕೆ ರಾಗಿಯ ಸತ್ವ ಇಳಿದಿದೆಯೇ ಎಂದು ಪರೀಕ್ಷಿಸಬೇಕು, ಅದನ್ನೂ ಮಾಡುತ್ತೇನೆ ಎಂದರು. ನಮ್ಮಲ್ಲಾಗಿದ್ದರೆ ಇಂಥ ಹೊತ್ತಿನಲ್ಲಿ ಮೈಕು ಕೆಡುತ್ತಿತ್ತು, ಇಲ್ಲವೇ ಮುಖ್ಯ ಅತಿಥಿಗಳಿಗೆ ತುರ್ತು ಕೆಲಸ ಬರುತ್ತಿತ್ತು. ನಾನು ಬೆರಗಾಗಿ ಆ ಸಣಕಲು ಹೆಂಗಸನ್ನು ನೋಡುತ್ತಾ ಕೂತೆ.

ಕೊನೆಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈಯೆತ್ತಿದರು. "ರಾಗಿ ಹಾಕಿದ ಹೆಂಗಸಿನ ಹೆಸರೇನು?"

"ನಮ್ಮಲ್ಲಿ ಸಾಹೇಬನ ಹೆಸರು ಮಾತ್ರ ಇದೆ," ಎಂದರು ಹೆಲೆನ್.

ಅಜ್ಜಿ ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ.

ಬೈರಾಪಟ್ಟಣ, ಮತ್ತೆ

ಊರಿನಲ್ಲಿ ಒಂದಷ್ಟು ದಿನ ಆಡಿಕೊಂಡರು. "ಏನ್ ಟೀಚರಮ್ಮ, ಸಾವಿರಾರು ವರ್ಷ ಅಂದಿದ್ರಿ, ನಮ್ಮಜ್ಜಿ ಕಾಲಕ್ಕೆ ಇಳಿಸ್ಬುಟ್ರಲ್ಲ!" ಎಂದರು ಡೇರಿ ಮುಂದೆ. ನಾನೂ ಬಿಡಲಿಲ್ಲ. "ನಿಮ್ಮಜ್ಜಿಯ ಅಜ್ಜಿಯೇ ಹಾಕಿದ್ದಿರಬೇಕು, ನೆಟ್ಟಗೆ ಮಾತಾಡಿ," ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಲೆನ್ ವಿಡಿಯೋ ಕರೆ ಮಾಡಿದರು. ಮಡಕೆಯ ಮಣ್ಣಿನೊಳಗೆ ರಾಗಿಯ ಗುರುತಿಲ್ಲ, ನಿಮ್ಮ ಮಾತೇ ನಿಜ ಎಂದರು. ಕೆಲಸ ಇನ್ನೊಂದು ವರ್ಷ ಉಳಿದಿದೆಯಂತೆ. ಉಗ್ರಾಣದ ಸಾಮಾನುಗಳನ್ನು ಆರಿಸಿದವರಾರು, ಕೊಟ್ಟವರಾರು, ಬಿಟ್ಟುಹೋದದ್ದೇನು ಎಂದು ಹುಡುಕುವುದೇ ಈಗಿನ ಕೆಲಸ. ನಮ್ಮ ಹೊಲದ ಬದುವಿನ ಮಸಿ ಚೂರುಗಳ ಫೋಟೋಗಳನ್ನೂ ಕಳಿಸಿ ಎಂದರು.

ಅತ್ತೆ ಹುರುಳಿ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟು ಬಂದು ನನ್ನ ಪಕ್ಕ ಇಣುಕಿದರು. ಹೆಲೆನ್ ಅವರಿಗೆ ನಮಸ್ಕಾರ ಮಾಡಿ, ಉಗ್ರಾಣದ ಒಳಗೆ ನಡೆದು, ಫೋನನ್ನು ಮಡಕೆಗಳತ್ತ ತಿರುಗಿಸಿದರು. ಬಿಳಿಯ ಮೆತ್ತೆಯ ಮೇಲೆ ಆರೂ ಕೂತಿದ್ದವು. ಧೂಳು ಕೆರೆದ ಮೇಲೆ ಅವುಗಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಅತ್ತೆ ತುಂಬ ಹೊತ್ತು ನೋಡಿದರು. "ಎಷ್ಟ್ ಚಂದಾಗವೆ," ಎಂದರು. ಆಮೇಲೆ, "ನಮ್ಮೋರು ಬರಿದು ಕೊಡ್ಲಿಲ್ಲ ಅಂತ ಗೊತ್ತಾಯ್ತಲ್ಲ ಅವ್ರಿಗೆ. ವಾಪಸ್ ಯಾವಾಗ ಕೊಡ್ತಾರಂತೆ, ಕೇಳು."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹೆಲೆನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಡಕೆಗಳ ಕಡೆ ನೋಡಿದರು.

"ಯಾಕೆ, ಸುಮ್ಕಾಗ್ಬುಟ್ರು?" ಎಂದರು ಅತ್ತೆ. ಮೊರ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು. "ಕೊಡೋವಾಗ ಬರಿದು ಕೊಡ್ಬ್ಯಾಡಿ ಅಂತಲೂ ಹೇಳು. ಅವ್ರ ಕಡೆ ಏನ್ ಬೆಳೀತಾರೋ, ಅದನ್ನೇ ಒಸಿ ಹಾಕಿ ಕೊಡ್ಲಿ."